ರದ್ದಾದ ಡಿಸ್ಕು

ಸಮಯಕ್ಕೆ ಸರಿಯಾಗಿ ನಡೆಯುವವನನ್ನು ಲೋಕ ಮೆಚ್ಚುತ್ತದೆ ಎಂದು ಬಹಳ ಕಾಲ ನಂಬಿದ್ದೆ. ಮೆಚ್ಚುವುದು ನಿಜ, ಆದರೆ ಅವನ ಜೊತೆ ಒಂದೇ ಮನೆಯಲ್ಲಿ ಇರಬೇಕಾಗಿಲ್ಲದವರು ಮಾತ್ರ. ನಾನು ದೇವನಹಳ್ಳಿ ಹತ್ತಿರದ ವಿಜಯಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆದುಕೊಳ್ಳುತ್ತ, ಟೀ ಅಂಗಡಿ ಮುಂದೆ ನಿಂತ ಡ್ರೈವರುಗಳನ್ನು ಸೀಟಿ ಊದಿ ಅಟ್ಟುತ್ತ ಆಯಸ್ಸು ಕಳೆದವನು. ಕೊನೆಯ ದಿನ ಸೀಟಿಯನ್ನು ವಾಪಸು ಕೊಟ್ಟೆ. ಅಭ್ಯಾಸವನ್ನು ವಾಪಸು ತೆಗೆದುಕೊಳ್ಳುವ ಕೌಂಟರ್ ಅಲ್ಲಿರಲಿಲ್ಲ. ಈಗಲೂ ನಮ್ಮ ಮನೆಯಲ್ಲಿ ಇಡ್ಲಿ ಏಳೂ ಮುಕ್ಕಾಲಿಗೆ ಹೊರಡುತ್ತದೆ.

ಹೀಗಿರುವಾಗ ನನ್ನ ಹೆಂಡತಿ ಜಯಮ್ಮ ಬೀರುವಿನಿಂದ ಒಂದು ವಿಡಿಯೋ ಕ್ಯಾಸೆಟ್ ತೆಗೆದು ನನ್ನ ಮುಂದಿಟ್ಟಳು. ಅವಳ ತಮ್ಮ ನಾರಾಯಣಸ್ವಾಮಿಯ ಮದುವೆಯದು. ಮದುವೆ ನಡೆದದ್ದು ಅವಳ ತವರಿನ ಅಂಗಳದಲ್ಲೇ, ಚಪ್ಪರ ಹಾಕಿ. ಆ ಅಂಗಳ ಈಗಿಲ್ಲ. ಊರಿಗೆ ಊರೇ ವಿಮಾನ ನಿಲ್ದಾಣಕ್ಕೆ ಹೋಯಿತು. ಅತ್ತೆಯೂ ತೀರಿಕೊಂಡಿದ್ದರು. ಕ್ಯಾಸೆಟ್ಟಿನ ಅಂಚಿನಲ್ಲಿ ಬೂಷ್ಟು ಕಾಣಿಸಿಕೊಂಡಿತ್ತು.

"ನಮ್ಮಮ್ಮ ಓಡಾಡೋದು, ಮಾತಾಡೋದು ಇರೋದು ಇದೊಂದ್ರಲ್ಲೇ ರೀ. ಹಾಳಾಗೋಕ್ಮುಂಚೆ ಡಿಸ್ಕಿಗೆ ಹಾಕಿಸ್ಕೊಡಿ," ಎಂದಳು.

ಹೊರಗೆ ಕೊಟ್ಟರೆ ಶಿಸ್ತಿನಿಂದ ಮಾಡುವವರು ಯಾರು? ನಾನೇ ಡಿಸ್ಕ್ ರೆಕಾರ್ಡರ್ ಕೊಳ್ಳುವುದೆಂದು ತೀರ್ಮಾನಿಸಿದೆ. ಎರಡು ವಾರ ದೇವನಹಳ್ಳಿಯ ಮೂರು ಅಂಗಡಿಗಳನ್ನು ಸುತ್ತಿ, ಹದಿನಾಲ್ಕು ಕಾಲಮ್ಮಿನ ಪಟ್ಟಿ ತಯಾರಿಸಿ, ಕೊನೆಗೆ ಪಟ್ಟಿಯಲ್ಲೇ ಇಲ್ಲದ ಕಾರಣಕ್ಕೆ ಒಂದನ್ನು ಆರಿಸಿದೆ: ಅದರ ಗಡಿಯಾರದ ಹಸಿರು ಅಂಕಿ ಅಡಿಗೆಮನೆಯಿಂದಲೂ ಕಾಣುವಷ್ಟು ದೊಡ್ಡದಿತ್ತು. ಖಾಲಿ ಡಿಸ್ಕು ಕೊಳ್ಳುವಾಗ ಅಂಗಡಿಯವರು ಡಿವಿಡಿಯಲ್ಲಿ ಎರಡು ಜಾತಿಯಿವೆ, ಪ್ಲಸ್ ಬೇಕೋ ಮೈನಸ್ ಬೇಕೋ ಎಂದು ಕೇಳಿದರು. ಕಾಸು ಕೊಟ್ಟು ಯಾರಾದರೂ ಮೈನಸ್ ಕೊಳ್ಳುತ್ತಾರೆಯೇ? ಹತ್ತು ಪ್ಲಸ್ ತಂದೆ. ಹತ್ತನ್ನೂ ಯಂತ್ರ ಒಂದೊಂದಾಗಿ ಹೊರಕ್ಕೆ ದೂಡಿತು.

"ನಿಮ್ ಮಿಷನ್‌ಗೆ ಮೈನಸ್ಸೇ ಆಗ್ಬೇಕು ಅಂತ ಡಬ್ಬದ ಮೇಲೇ ಬರ್ದಿದೆಯಲ್ಲ ಸಾರ್, ನೋಡ್ಲಿಲ್ವಾ?" ಎಂದರು ಅಂಗಡಿಯವರು.

ನೋಡುವುದು ಹೇಗೆ? ಧೂಳಾಗದಿರಲೆಂದು ಡಬ್ಬಕ್ಕೆ ತಂದ ದಿನವೇ ಕಂದು ಕಾಗದದ ಬೈಂಡು ಹಾಕಿ, ಮೇಲೆ ತಾರೀಖು ಬರೆದುಬಿಟ್ಟಿದ್ದೆ. ಒಡೆದ ಪೊಟ್ಟಣವನ್ನು ಅವರು ವಾಪಸು ತೆಗೆದುಕೊಳ್ಳಲಿಲ್ಲ. ಜಯಮ್ಮ ಹತ್ತೂ ಡಿಸ್ಕಿಗೆ ದಾರ ಪೋಣಿಸಿ, ಹಣ್ಣಿಗೆ ಬರುವ ಪಿಕಳಾರ ಹಕ್ಕಿಗಳನ್ನು ಬೆದರಿಸಲು ಹಿತ್ತಲ ದ್ರಾಕ್ಷಿ ಚಪ್ಪರಕ್ಕೆ ತೂಗುಹಾಕಿದಳು.

ಇನ್ನು ಯಂತ್ರದ ಜೊತೆ ಬಂದ ಪುಸ್ತಕ. ದಿನಕ್ಕೆ ಹತ್ತು ಪುಟ ಓದುವುದೆಂದು ನಿಯಮ ಮಾಡಿಕೊಂಡಿದ್ದೆ. ರೆಕಾರ್ಡ್ ಮಾಡುವ ವಿಧಾನ ನಾಲ್ಕನೆಯ ದಿನ ಬಂತು. ಅಂದೇ ಇಡೀ ಕ್ಯಾಸೆಟ್ಟನ್ನು ಮೈನಸ್ ಡಿಸ್ಕಿಗೆ ಇಳಿಸಿದೆ. ನಡುಮನೆಯ ಪ್ಲೇಯರಿಗೆ ಹಾಕಿದರೆ ಡಿಸ್ಕೇ ಇಲ್ಲವೆಂದು ಅದು ವಾದಿಸಿತು. ಕೆಟ್ಟುಹೋದ ಬಸ್ಸಿನ ಟ್ರಿಪ್ಪಿಗೆ ಬರೆಯುತ್ತಿದ್ದಂತೆ ಡಿಸ್ಕಿನ ಮೇಲೆ 'ರದ್ದು' ಎಂದು ಮಾರ್ಕರಿನಲ್ಲಿ ಬರೆದೆ. ಅದೂ ದ್ರಾಕ್ಷಿ ಚಪ್ಪರ ಸೇರಿತು. ರೆಕಾರ್ಡ್ ಮುಗಿದ ಮೇಲೆ 'ಫೈನಲೈಸ್' ಎಂಬ ಗುಂಡಿ ಒತ್ತದಿದ್ದರೆ ಬೇರೆ ಪ್ಲೇಯರುಗಳಲ್ಲಿ ಆ ಡಿಸ್ಕು ಓಡುವುದಿಲ್ಲ ಎಂಬ ವಿಷಯ ಆರನೆಯ ದಿನದ ಪಾಲಿನಲ್ಲಿತ್ತು. ಆದರೆ ರದ್ದಾದ ಟ್ರಿಪ್ಪನ್ನು ಮತ್ತೆ ಓಡಿಸುವ ಪದ್ಧತಿ ನನ್ನಲ್ಲಿಲ್ಲ.

ಎರಡನೆಯ ಸಲ ಇನ್ನಷ್ಟು ಶಿಸ್ತಾಗಿ ಕುಳಿತೆ. ಎರಡು ಗಂಟೆಯ ಮದುವೆಯಲ್ಲಿ ಎಷ್ಟೊಂದು ದಂಡದ ಹೊತ್ತು! ಕ್ಯಾಸೆಟ್ಟನ್ನು ಓಡಿಸಿ, ನಿಲ್ಲಿಸಿ, ಬೇಡವೆನಿಸಿದ್ದನ್ನು ಪೂರ್ತಿ ನೋಡದೆ ಮುಂದಕ್ಕೆ ಹಾರಿಸಿ, ಮತ್ತೆ ಓಡಿಸಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಚಪ್ಪರದ ಸೊಪ್ಪು ಎಳೆಯುವ ಹಸು, ಅನಗತ್ಯ. ಹಿತ್ತಲು, ಪಾತ್ರೆ, ಹೆಂಗಸರು, ಅನಗತ್ಯ. ಕ್ಯಾಮೆರಾಕ್ಕೆ ಅಡ್ಡ ನಿಂತ ಯಾವನೋ ಒಬ್ಬನ ಬೆನ್ನು, ಖಂಡಿತ ಅನಗತ್ಯ. ಹೀಗೆ ಸೋಸಿ, ನಲವತ್ತೆಂಟು ನಿಮಿಷದ ಅಚ್ಚುಕಟ್ಟಾದ ಮದುವೆ ಮಾಡಿ, ಈ ಸಲ ಫೈನಲೈಸ್ ಗುಂಡಿಯನ್ನೂ ಒತ್ತಿದೆ. ಅಷ್ಟು ಸಲ ನಿಲ್ಲಿಸಿದ್ದಕ್ಕೋ ಏನೋ, ಕ್ಯಾಸೆಟ್ ಓಡಿಸುವ ಹಳೆಯ ವಿಸಿಆರ್ ಕೊನೆಯಲ್ಲಿ ಟೇಪನ್ನು ಜಗಿದುಹಾಕಿತು. ಕೆಲಸ ಮುಗಿದಿತ್ತಲ್ಲ, ಕತ್ತರಿಸಿ ಕಸಕ್ಕೆ ಹಾಕಿದೆ.

ಭಾನುವಾರ ಐದು ಗಂಟೆಗೆ ಪ್ರದರ್ಶನ. ನಾರಾಯಣಸ್ವಾಮಿ ಹೆಂಡತಿಯೊಂದಿಗೆ ಬಂದಿದ್ದ. ಐದು ನಲವತ್ತೆಂಟಕ್ಕೆ ಮದುವೆ ಮುಗಿಯಿತು. ಯಾರೂ ಏಳಲಿಲ್ಲ.

"ಅಮ್ಮ ಎಲ್ಲಿ ರೀ?" ಎಂದಳು ಜಯಮ್ಮ.

ನಾನು ನೋಟ್‌ಬುಕ್ ತಿರುವಿದೆ. ಮಾವ ಮೊದಲೇ ತೀರಿಕೊಂಡಿದ್ದರು. ಆ ಕಾಲದ ಪದ್ಧತಿಯಂತೆ ಅತ್ತೆ ಮಗನ ಧಾರೆಯ ಹತ್ತಿರ ಸುಳಿಯದೆ ಇಡೀ ಮದುವೆ ಹಿತ್ತಲಲ್ಲೇ ಇದ್ದರು. ಹಿತ್ತಲನ್ನು ನಾನು ಬಿಟ್ಟಿದ್ದೆ.

"ಏನ್ ಭಾವ, ಲೇಟಾಯ್ತು ಅಂತ ಅಮ್ಮನ್ನ ಬಿಟ್ಟು ಗಾಡಿ ಹೊರಡಿಸ್ಬಿಟ್ರಾ?" ಎಂದ ನಾರಾಯಣಸ್ವಾಮಿ. ನಗುತ್ತಲೇ ಅಂದ. ಜಯಮ್ಮ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಟಿವಿಯನ್ನೇ ನೋಡುತ್ತಿದ್ದಳು.

ನಿವೃತ್ತನಾದ ಮೇಲೆ ನಾನು ಓಡಿದ್ದು ಅವತ್ತೇ, ಅದೂ ಚಪ್ಪಲಿಯಿಲ್ಲದೆ. ದ್ರಾಕ್ಷಿ ಚಪ್ಪರದಲ್ಲಿ ಹನ್ನೊಂದು ಡಿಸ್ಕುಗಳು ಒಂದೇ ರೀತಿ ಹೊಳೆಯುತ್ತ ತಿರುಗುತ್ತಿದ್ದವು. ನನ್ನ ಶಿಸ್ತು ಆ ತಿಂಗಳಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ ಸಲ: 'ರದ್ದು' ಎಂಬ ಬರಹ ದೂರದಿಂದಲೇ ಕಂಡಿತು. ಹಕ್ಕಿಯ ಹಿಕ್ಕೆಯನ್ನು ಪಂಚೆಯಲ್ಲಿ ಒರೆಸಿ, ಬರೆದ ಯಂತ್ರವಾದರೂ ಗುರುತು ಹಿಡಿದೀತೆಂದು ರೆಕಾರ್ಡರಿಗೇ ಹಾಕಿದೆ. ಸ್ವಲ್ಪ ಹೊತ್ತು ಗೊರಗೊರ ಎಂದಿತು. ಆಮೇಲೆ ಹಸು ಬಂತು. ಅದರ ಹಿಂದೆ ಕೋಲು ಹಿಡಿದು ಅತ್ತೆ ಬಂದರು.

ಹಿತ್ತಲ ಬಾಗಿಲಲ್ಲಿ ನಿಂತು ಅವರು ವಿಡಿಯೋದವನಿಗೆ ಹೇಳುತ್ತಿದ್ದರು: "ನನ್ನೇನಪ್ಪ ತೆಗೀತೀಯ, ಅತ್ಲಾಗ್ ಹೋಗಿ ಗಂಡು ಹೆಣ್ಣು ತೆಗಿ." ಬದುಕಿದ್ದಾಗ ಅವರ ಒಂದು ಮಾತನ್ನೂ ನಾನು ಕೇಳಿದವನಲ್ಲ. ಇದೊಂದನ್ನು ಚಾಚೂ ತಪ್ಪದೆ ಪಾಲಿಸಿದ್ದೆ.

ಅಷ್ಟರಲ್ಲಿ ಆ ಅಡ್ಡ ನಿಂತವನ ಬೆನ್ನು ಬಂತು. ಬೆನ್ನು ತಿರುಗಿತು. ಕೈಗಡಿಯಾರ ನೋಡಿಕೊಳ್ಳುತ್ತ ಮುಖ ಗಂಟಿಕ್ಕಿ ನಿಂತಿದ್ದವನು ನಾನೇ. ಅತ್ತೆ ಒಳಗೆ ಯಾರಿಗೋ ಕೂಗಿ ಹೇಳಿದರು: "ಅಳಿಯಂದ್ರು ಆಗ್ಲಿಂದ ಗಡಿಯಾರ ನೋಡ್ತಾ ನಿಂತವ್ರೆ. ಪಾಪ, ಅವ್ರಿಗೊಂದು ಎಲೆ ಹಾಕ್ರಮ್ಮ ಮೊದ್ಲು."

ಜಯಮ್ಮ ಅತ್ತಳೋ ನಕ್ಕಳೋ, ಎರಡೂ ಒಟ್ಟಿಗೆ ಆಯಿತು. 'ರದ್ದು' ಡಿಸ್ಕನ್ನು ಆ ಸಂಜೆಯೇ ಫೈನಲೈಸ್ ಮಾಡಿದೆ. ಈಗ ನೆಂಟರು ಯಾರೇ ಬಂದರೂ ಅದೇ ಓಡುತ್ತದೆ, ಎರಡು ಗಂಟೆಯೂ ಪೂರ್ತಿ. ನಾನು ಗಡಿಯಾರ ನೋಡುವ ಜಾಗ ಬಂದಾಗ ಜಯಮ್ಮ ಚಿತ್ರ ನಿಲ್ಲಿಸಿ, ಎಲ್ಲರೂ ನೋಡಿದ್ದಾಯಿತೇ ಎಂದು ಕೇಳಿ, ಆಮೇಲೆ ಮುಂದಕ್ಕೆ ಬಿಡುತ್ತಾಳೆ. ನನ್ನ ನಲವತ್ತೆಂಟು ನಿಮಿಷದ ಡಿಸ್ಕು ದ್ರಾಕ್ಷಿ ಚಪ್ಪರದಲ್ಲಿದೆ. ಪಿಕಳಾರಗಳು ಅದರ ಪಕ್ಕದಲ್ಲೇ ಕುಳಿತು, ಯಾವ ಅವಸರವೂ ಇಲ್ಲದೆ, ಹಣ್ಣು ತಿನ್ನುತ್ತವೆ.