ಉಣ್ಣದ ಕೂಸು, ಉಣಿಸದ ಕೋಟ್ಯಧಿಪತಿ

ನಮ್ಮ ಮನೆಯಲ್ಲಿ ಒಂದು ಪುಸ್ತಕ ಸುಮ್ಮನೆ ಓದಿ ಮುಗಿಸಿದೆವು ಅಂತಿಲ್ಲ. ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಈ ಸಲದ್ದು ನಮ್ಮ ಅತ್ತೆಯ ಕಣ್ಣಿನಿಂದ ಶುರುವಾಯಿತು.

೧. ಡಾಕ್ಟರ ಮಾತು

ಹಾವೇರಿಯಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. "ಟಿವಿ ನೋಡಬ್ಯಾಡ್ರಿ, ಅಳಬ್ಯಾಡ್ರಿ, ಖಾರದ ಗಾಳಿಗೆ ಹೋಗಬ್ಯಾಡ್ರಿ" ಅಂದರು ಡಾಕ್ಟರು.

"ಸಾಹೇಬ್ರ, ನಮ್ಮೂರು ಬ್ಯಾಡಗಿ. ಮೆಣಸಿನಕಾಯಿ ಮಾರ್ಕೆಟ್ ಹಿಂದನ ಮನಿ," ಅಂದರು ಅತ್ತೆ. "ಉಸಿರು ಎಲ್ಲಿಂದ ತರ್ಲಿ?"

೨. ನಲವತ್ತು ಕೋಣೆ

ಟಿವಿ ಇಲ್ಲದೆ ಅತ್ತೆಗೆ ಹೊತ್ತು ಹೋಗಬೇಕಲ್ಲ. ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ದಪ್ಪ ಕಾದಂಬರಿ ಕೊಂಡು ತಂದೆ. ಒಬ್ಬ ಕೋಟ್ಯಧಿಪತಿ, ಅವನ ತಾಯಿಯಿಲ್ಲದ ಮಗು, ಆ ಮಗುವನ್ನು ನೋಡಿಕೊಳ್ಳಲು ಬರುವ ಆಯಾ. ಅತ್ತೆಯೂ ಒಂದು ಕಾಲಕ್ಕೆ ಹಾವೇರಿಯ ಆಫೀಸರೊಬ್ಬರ ಮನೆಯಲ್ಲಿ ಕೂಸು ಆಡಿಸಿದವರು, ಹಿಡಿಸುತ್ತದೆ ಅಂದುಕೊಂಡೆ. ಎದುರು ಮನೆಯ ಖಾಲಾ ಕೂಡ ಕೇಳಲು ಬಂದು ಗೋಡೆಗೆ ಒರಗಿ ಕೂತರು.

ಬಂಗಲೆಗೆ ನಲವತ್ತು ಕೋಣೆ ಎಂದು ಓದಿದೆ.

"ಕಸಾ ಯಾರು ಹೊಡೀತಾರ?" ಅಂದರು ಖಾಲಾ.

"ತಡೀರಿ, ಅದಕ್ಕ ಈಕಿನ್ನ ಕರಿಸ್ಯಾನ," ಅಂದರು ಅತ್ತೆ.

೩. ಪುರಾಣದ ಕಾಯಿದೆ

ಮೂರನೇ ಅಧ್ಯಾಯದಲ್ಲಿ ಆಯಾ ಮಗುವಿಗೆ ಉಣಿಸಲು ತಟ್ಟೆ ಹಿಡಿದು ಹೊರಟಳು. ಬಾಗಿಲಲ್ಲಿ ಕೋಟ್ಯಧಿಪತಿ ಎದುರಾದ. ಕಣ್ಣು ಕಣ್ಣು ಕೂಡಿದವು. ಅಲ್ಲಿಂದ ಹನ್ನೊಂದು ಪುಟ ಬರೀ ಕಣ್ಣು.

ನಾಳೆ ಓದೋಣ ಅಂದರೆ ಅತ್ತೆ ಬಿಡಲೊಲ್ಲರು. ಶ್ರಾವಣದಲ್ಲಿ ಪುರಾಣ ಓದುವಾಗ ಯಾರಾದರೂ ಕಷ್ಟದಲ್ಲಿರುವ ಜಾಗಕ್ಕೆ ಪುಸ್ತಕ ಮುಚ್ಚುವಂತಿಲ್ಲ, ಅವರ ಕಷ್ಟ ಕಳೆಯುವ ತನಕ ಓದಬೇಕು. ಅದೇ ಕಾಯಿದೆ ಇಲ್ಲಿಗೂ ಬಂತು.

"ಕೂಸು ಉಣ್ಣೂ ಮಟಾ ಓದು."

ಓದಿದೆ. ಕೋಟ್ಯಧಿಪತಿ ಮುನಿಸಿಕೊಂಡ, ವಿಮಾನ ಹತ್ತಿದ, ಉಂಗುರ ತಂದ. ಕೂಸು ಮಾತ್ರ ಬರಲೇ ಇಲ್ಲ. ಬರೆದವರೇ ಅದನ್ನು ಮರೆತುಬಿಟ್ಟಿದ್ದರು. ಖಾಲಾ ತಟ್ಟನೆ ಎದ್ದು ಹೊರಟರು.

"ಯಾಕ್ರಿ ಖಾಲಾ?"

"ನನ್ನ ಮೊಮ್ಮಗ ಉಂಡಾನೋ ಇಲ್ಲೋ ನೋಡಿ ಬರ್ತೀನವಾ."

೪. ಕೈಬಿಟ್ಟದ್ದು

ಮರುದಿನ ಖಾಲಾ ಮತ್ತೆ ಬಂದು ಕೂತರು. ನನಗೋ ಸಾಕುಸಾಕಾಗಿತ್ತು. "ಅತ್ತಿ, ಇನ್ನ ನನ್ನ ಕೈಲೆ ಆಗಂಗಿಲ್ರಿ. ಈ ಪುಸ್ತಕಾನ ಸರಿ ಇಲ್ಲ, ಬಿಟ್ಟುಬಿಡೂಣು."

ಅತ್ತೆಯ ಕಪ್ಪು ಕನ್ನಡಕದ ಕೆಳಗೆ ನೀರು ಇಳಿಯಿತು. ಲಗುಬಗೆಯಿಂದ ಹತ್ತಿ ತಂದೆ. ಆಪರೇಷನ್ ಆದ ಕಣ್ಣು.

"ಆಫೀಸರಿಗೆ ಬದ್ಲಿ ಆದ ದಿನಾ, ಕೂಸಿಗೆ ಅನ್ನಾ ಕಲಸ್ಕೊಂಡು ಹೊರಗ ಬಂದೆ," ಅಂದರು. "ಅಷ್ಟರಾಗ ಕಾರು ಹೊಂಟುಬಿಟ್ಟಿತ್ತು. ಈಗ ಅದಕ್ಕೂ ಮಕ್ಕಳು ಮರಿ ಆಗಿರಬೇಕು. ಆದ್ರೂ ನನಗ ಅದು ಹಸಕೊಂಡ ಹೋತು ಅಂತನ ಅನಸ್ತೈತಿ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗಿದು ಗೊತ್ತಿರಲಿಲ್ಲ. ನಾಚಿಕೆಯಾಯಿತು, ಅವರ ಮೇಲೆ ಅಕ್ಕರೆಯೂ ಉಕ್ಕಿತು. ಹತ್ತಿಯಿಂದ ಮೆಲ್ಲಗೆ ಕೆನ್ನೆ ಒರೆಸಿ, ಪುಸ್ತಕ ತೆರೆದು, ಇಲ್ಲದ್ದನ್ನೇ ಇದ್ದಂತೆ ಓದತೊಡಗಿದೆ. ಆಯಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಮೆತ್ತಗೆ ಕಲಸಿ ಉಣಿಸಿದಳು. ಮಗು ಪೂರಾ ಉಂಡು ಅವಳ ಸೆರಗಿಗೆ ಬಾಯಿ ಒರೆಸಿತು.

"ಖರೇನ ಐತೇನು ಅದರಾಗ?" ಅತ್ತೆಗೆ ಸಂಶಯ.

ಖಾಲಾ ನನ್ನ ಹೆಗಲ ಮೇಲಿಂದ ಬಗ್ಗಿ ಪುಟ ನೋಡಿದರು. ಅಲ್ಲಿ ಕೋಟ್ಯಧಿಪತಿ ಹಡಗಿನಲ್ಲಿ ನಿಂತಿದ್ದ. "ಐತಿ, ಐತಿ," ಅಂದರು. "ಕಡೀಕ ಮೊಸರನ್ನಾನೂ ಉಣಿಸ್ಯಾಳ."

ಅತ್ತೆ ಉದ್ದಕ್ಕೆ ಉಸಿರು ಬಿಟ್ಟರು. "ಹಂಗಾರ ಮುಚ್ಚಿಬಿಡು."

"ಮತ್ತ ಆ ಕೋಟ್ಯಧಿಪತಿ? ಅವನೂ ಮೂರನೇ ಅಧ್ಯಾಯದಿಂದ ಏನೂ ಉಂಡಿಲ್ರಿ!" ಅಂದೆ.

"ಅವಂಗೇನು ಧಾಡಿ ಆಗೇತಿ? ಎರಡು ಕೈ ಅದಾವಲ್ಲ, ನೀಡ್ಕೊಂಡು ಉಣ್ಣಲಿ!"