ಬೆನ್ನುನೋವಿನ ಚೌಕಾಸಿ

ಹಲ್ಲುನೋವು ಬಂದರೆ ಕೆನ್ನೆ ಊದಿ ಸಾಕ್ಷಿ ಹೇಳುತ್ತದೆ. ನೆಗಡಿಗೆ ಮೂಗಿದೆ. ಬೆನ್ನುನೋವಿಗೆ ಮಾತ್ರ ಯಾರೂ ದಿಕ್ಕಿಲ್ಲ. ಅನುಭವಿಸುವವನ ಬಾಯಿಮಾತನ್ನೇ ಲೋಕ ನಂಬಬೇಕು. ಆ ಬಾಯಿ ಸೀರೆ ವ್ಯಾಪಾರಿಯದಾದರೆ ಮುಗಿದೇ ಹೋಯಿತು. ನನ್ನದು ಅಂಥ ಬಾಯಿ.

ಬನಹಟ್ಟಿಯಲ್ಲಿ ನಮ್ಮದೊಂದು ಸೀರೆ ಅಂಗಡಿ. ಗಾದಿಯ ಮೇಲೆ ಚಕ್ಕಳಬಕ್ಕಳ ಹಾಕಿ ಕುಳಿತು ಗಿರಾಕಿಯ ಮುಂದೆ ಸೀರೆ ಬಿಚ್ಚಿ ಹಾಸುವುದು ನನ್ನ ಕೆಲಸ. ಹೋದ ಮದುವೆ ಹಂಗಾಮಿನಿಂದ ಸೊಂಟದ ಮೇಲಿನ ಒಂದು ಜಾಗ ನನ್ನನ್ನು ಕೂರಲು ಬಿಡುತ್ತಿಲ್ಲ. ಎಡಕ್ಕೆ ವಾಲುತ್ತೇನೆ, ಬಲಕ್ಕೆ ವಾಲುತ್ತೇನೆ, ಲೋಡುದಿಂಬಿಗೆ ಒರಗುತ್ತೇನೆ, ಮತ್ತೆ ಏಳುತ್ತೇನೆ. ಹುನ್ನೂರಿನಿಂದ ಬಂದ ಅಜ್ಜಿಯೊಬ್ಬರು, "ಯಾಕೋ ತಮ್ಮಾ, ಕೊಡೂ ಮನಸಿಲ್ಲೇನು? ಎದ್ದೆದ್ದ ನಿಂದರ್ತಿ" ಎಂದು ಎದುರಂಗಡಿಗೆ ನಡೆದೇಬಿಟ್ಟರು. ಹೆಂಡತಿ ಗಿರಿಜಾಳಿಗೂ ಅನುಮಾನವೇ. ನೀರಿನ ಕೊಡ ಎತ್ತುವಾಗ ಬರುವ ನೋವು ಊಟಕ್ಕೆ ಕೂತಾಗ ಎಲ್ಲಿ ಹೋಗುತ್ತದೆ ಎಂದು ಅವಳ ಪ್ರಶ್ನೆ. ಎಕ್ಸ್‌ರೇ ತೆಗೆಸಿದೆ. ಮೂಳೆ ವಯಸ್ಸಿಗೆ ತಕ್ಕಂತಿದೆ, ಗಾಬರಿಯಾಗುವಂಥದ್ದೇನೂ ಇಲ್ಲ ಎಂದರು. ಅದೂ ಅವಳ ಪಕ್ಷ ಸೇರಿತು.

ಮುಧೋಳದ ಆಸ್ಪತ್ರೆಯೊಂದರಲ್ಲಿ ಡಾಕ್ಟರಮ್ಮ ಒಬ್ಬರು ಬೆನ್ನುನೋವಿನ ಸಂಶೋಧನೆ ನಡೆಸಿದ್ದಾರೆ, ಕೆಲವರಿಗೆ ಬರೀ ವ್ಯಾಯಾಮ, ಕೆಲವರಿಗೆ ಜೊತೆಗೆ ಗುಳಿಗೆ ಕೊಟ್ಟು ಯಾವುದರಿಂದ ಹೆಚ್ಚು ಗುಣವೆಂದು ನೋಡುತ್ತಾರೆ ಎಂದು ತಿಳಿದಾಗ ನನಗೆ ಜೀವ ಬಂತು. ಸಂಶೋಧನೆಗೇ ಸೇರಿದ ನೋವನ್ನು ಗಿರಿಜಾ ಹೇಗೆ ಅಲ್ಲಗಳೆದಾಳು? ಅವಳನ್ನೂ ಬಸ್ಸು ಹತ್ತಿಸಿಕೊಂಡು ಹೋದೆ.

ಡಾಕ್ಟರಮ್ಮ ನನ್ನನ್ನು ಬಗ್ಗಿಸಿದರು, ಕಾಲು ಎತ್ತಿಸಿದರು, ಕೊನೆಗೆ ಕೇಳಿದರು. "ಸೊನ್ನಿಯಿಂದ ಹತ್ತರೊಳಗ ನಿಮ್ಮ ನೋವು ಎಷ್ಟ್ರಿ? ಹತ್ತಂದ್ರ ತಡಕೊಳ್ಳಾಕ ಆಗದಷ್ಟು."

ಆರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೊದಲ ಮಾತಿಗೇ ಕೊಡುವ ದರ ಹೇಳುವ ವ್ಯಾಪಾರಿ ನಮ್ಮ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. "ಒಂಬತ್ತು" ಎಂದೆ. ಅವರು ಇಳಿಸಲಿ, ನಾನು ಒಂದಿಷ್ಟು ಮುನಿಸು ತೋರಿಸಿ ಆರಕ್ಕೆ ಬರೋಣ ಎಂದು ಕಾದೆ. ಅವರು ಇಳಿಸಲೇ ಇಲ್ಲ!

"ಒಂಬತ್ತಿದ್ರ ನಮ್ಮ ವ್ಯಾಯಾಮ ನಡಿಯಾಂಗಿಲ್ರಿ. ಮೊದಲ ಸ್ಕ್ಯಾನ್ ಆಗ್ಲಿ. ಬೆನ್ನಾಗ ಇಂಜೆಕ್ಷನ್ ಬೇಕಾಗಬಹುದು."

ಇಂಜೆಕ್ಷನ್ ಹೆಸರು ಕೇಳಿದ್ದೇ ಕುರ್ಚಿ ಮುಂದಕ್ಕೆ ಎಳೆದುಕೊಂಡೆ. "ಎಂಟು ಮಾಡ್ರಿ" ಎಂದೆ. ಅವರು ತಲೆಯೆತ್ತಿ ನೋಡಿದರು. "ಹೋಗ್ಲಿ ಬಿಡ್ರಿ, ನಿಮಗಂತ ಆರು. ಇದಕ್ಕಿಂತ ಕಡಿಮಿ ಗಿಟ್ಟಾಂಗಿಲ್ಲ" ಎಂದು ನಾನೇ ಮತ್ತೆ ಇಳಿದೆ.

ಗಿರಿಜಾಗೆ ತಡೆಯಲಾಗಲಿಲ್ಲ. "ನಾಕು ಬರಕೋರಿ ಮೇಡಂ. ಇವ್ರು ಮೊದಲ ಹಿಂಗ ಅಂತಾರ, ಆಮ್ಯಾಲ ದಾರಿಗೆ ಬರ್ತಾರ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. "ಸಂಶೋಧನಿಗೆ ನೀವು ಬ್ಯಾಡ್ರಿ ಯಜಮಾನ್ರ. ನಿಮ್ಮನ್ನ ಸೇರಿಸ್ಕೊಂಡ್ರ ನಮ್ಮ ಲೆಕ್ಕಾನ ಹಾಸಿಗಿ ಹಿಡಿತೈತಿ." ಪುಣ್ಯಕ್ಕೆ ವ್ಯಾಯಾಮ ಮಾತ್ರ ಹೇಳಿಕೊಟ್ಟು, ಒಂದೇ ಕಡೆ ಬಹಳ ಹೊತ್ತು ಕೂರಬೇಡಿ ಎಂದು ಕಳಿಸಿದರು. ಬನಹಟ್ಟಿ ಮುಟ್ಟುವವರೆಗೂ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ನನಗೆ ಖರೆ ಹೇಳಬೇಕೆಂದರೆ ಅಳು ಬಂದಿತ್ತು.

ವ್ಯಾಯಾಮದಿಂದ ಗುಣವೂ ಕಂಡಿತು. ಆದರೆ ಹೋದ ವಾರ ಮನೆಯಲ್ಲಿ ಸೀರೆಯ ಗಂಟು ಎತ್ತಲು ಹೋಗಿ ಬೆನ್ನು ಹಿಡಿದುಕೊಂಡಿತು. ಬಾಗಿಲ ಚೌಕಟ್ಟು ಹಿಡಿದು ನಿಂತೆ, ಮೈಯೆಲ್ಲ ಬೆವರು. ಗಿರಿಜಾ ಓಡಿಬಂದಳು.

"ಎಷ್ಟೈತ್ರಿ?"

"ಒಂಬತ್ತು" ಎಂದೆ. ದೇವರಾಣೆಗೂ ಒಂಬತ್ತೇ ಇತ್ತು.

ಅವಳ ಮುಖದ ಗಾಬರಿ ಇಳಿಯಿತು. "ಅಂದ್ರ ಆರು. ಒಲಿ ಮ್ಯಾಲ ಹಾಲೈತಿ, ಇಳಿಸಿ ಬರ್ತೀನಿ, ತಡೀರಿ" ಎಂದು ಒಳಗೆ ಹೋದಳು.

ಹನ್ನೆರಡು ಎನ್ನಬೇಕಿತ್ತು.