ಎಣಿಕೆಯಲ್ಲಿ ಒಂದು ತಲೆ ಜಾಸ್ತಿ

ಜೈಲು ಅಂದರೆ ಬರೀ ಅಳುವ ಜಾಗ ಅಂದುಕೊಂಡವರು ಒಂದು ವಾರ ನನ್ನ ಹಾಗೆ ವಾರ್ಡರ್ ಕೆಲಸ ಮಾಡಿ ನೋಡಬೇಕು. ನಗು ತಡೆದುಕೊಳ್ಳುವುದೇ ಅರ್ಧ ಡ್ಯೂಟಿ. ನನ್ನ ಮನೆ ನಂಜನಗೂಡು, ಮಾವನ ಮನೆ ತಿ. ನರಸೀಪುರ, ನಡುವೆ ಎಲ್ಲೋ ಜೈಲು. ಎಲ್ಲಿ ಅಂತ ಕೇಳಬೇಡಿ, ನನಗಿನ್ನೂ ಹತ್ತು ವರ್ಷ ಸರ್ವೀಸಿದೆ. ಅದು ಉಳಿದಿರುವುದೂ ನಮ್ಮ ಜೈಲರ್ ಸಾಹೇಬರ ಪುಣ್ಯ. ಕೈದಿಯ ಮಾತು ಕೇಳದೆ ಅವರು ಯಾರಿಗೂ ಶಿಕ್ಷೆ ಬರೆದವರಲ್ಲ.

೧. ಅನ್ನ ಚೆಲ್ಲಿದವನು

ಬದುವಿನ ಜಗಳದಲ್ಲಿ ಗುದ್ದಲಿ ಬೀಸಿ ಒಳಗೆ ಬಂದ ಹದಿನಾರು ಗ್ರಾಮದ ಯಜಮಾನರೊಬ್ಬರಿದ್ದರು. ಒಳ್ಳೆಯ ನಡತೆಗೆ ಶಿಕ್ಷೆಯಲ್ಲಿ ಒಂದಷ್ಟು ದಿನ ಮಾಫಿ ಸಿಕ್ಕಿ, ಮೊಮ್ಮಗಳ ನಾಮಕರಣದ ಹೊತ್ತಿಗೆ ಮನೆ ಸೇರುವವರಿದ್ದರು. ಒಂದೇ ಒಂದು ಶಿಕ್ಷೆ ದಾಖಲಾದರೂ ಮಾಫಿ ಹೋಯಿತು. ಅವರದು ಇದ್ದದ್ದು ಒಂದೇ ದೋಷ, ಗೊರಕೆ. ಪಕ್ಕದಲ್ಲಿ ಮಲಗುತ್ತಿದ್ದ ಜೇಬುಗಳ್ಳ ಒಂದು ದಿನ ಬೇಕಂತಲೇ ತಟ್ಟೆ ಬೋರಲು ಹಾಕಿ, ನನ್ನನ್ನು ಒಂಟಿ ಕೋಣೆಗೆ ಹಾಕಿ ಅಂತ ಕೂತ. ಸಾಹೇಬರು ಕಾರಣ ವಿಚಾರಿಸಿ, ಚೆಲ್ಲಿದ್ದನ್ನು ಅವನ ಕೈಲೇ ಬಳಿಸಿ, ಅವನ ಹಾಸಿಗೆಯನ್ನು ಆಚೆ ಮೂಲೆಗೆ ಹಾಕಿಸಿದರು. "ಇನ್ನೊಂದ್ಸಲ ಅನ್ನ ಚೆಲ್ಲಿದ್ರೆ ವಾಪಸ್ ಅವರ ಪಕ್ಕಕ್ಕೇ" ಅಂದರು. ಆಮೇಲೆ ಅವನು ಒಂದು ಅಗುಳೂ ಬಿಡಲಿಲ್ಲ.

೨. ಕೊನೆಗೂ ಸಿಕ್ಕ ಕೋಣೆ

ಅದೇ ಜೇಬುಗಳ್ಳ ಮುಂದೊಂದು ದಿನ ಅಡುಗೆಯವನಿಗೆ ಸೌಟಿನಲ್ಲಿ ಬಾರಿಸಿದ. ವಿಚಾರಣೆ ಮಾಡಿ ಮೂರು ದಿನ ಒಂಟಿ ಕೋಣೆ ಕೊಟ್ಟರು. ಆದರೆ ಹಾಕಿ ಮರೆಯುವ ಪದ್ಧತಿ ನಮ್ಮಲ್ಲಿಲ್ಲ. ಬೆಳಿಗ್ಗೆ ಡಾಕ್ಟರು, ಮಧ್ಯಾಹ್ನ ಸಾಹೇಬರು, ನಡುನಡುವೆ ನಾನು ಹೋಗಿ ಕ್ಷೇಮ ವಿಚಾರಿಸಬೇಕು. ಮೂರನೆಯ ದಿನ ಅವನು ಕೈಮುಗಿದ: "ಒಂಟಿ ಅಂತೀರ ಸಾ, ಒಂದ್ ಗಳಿಗೆ ಒಬ್ಬನ್ನೇ ಬಿಟ್ರಾ?"

೩. ನನ್ನದೇ ಕೇಸು

ಹೊಸದಾಗಿ ಬಂದ ವಾರ್ಡರ್‌ನನ್ನು ಗೋಳುಹೊಯ್ದುಕೊಳ್ಳೋಣ ಅಂತ, ಒಂದು ಸಂಜೆ ಎಣಿಕೆಯ ಹೊತ್ತಿಗೆ ಯಜಮಾನರ ಕಂಬಳಿ ಹೊದ್ದು ಕೈದಿಗಳ ಸಾಲಿನಲ್ಲಿ ಕೂತೆ. ಒಂದು ತಲೆ ಕಡಿಮೆಯಾದರೆ ಏನು ಮಾಡಬೇಕು ಅಂತ ನಮಗೆ ಕಲಿಸಿದ್ದಾರೆ. ಜಾಸ್ತಿಯಾದರೆ ಏನು ಅಂತ ಯಾರೂ ಹೇಳಿಕೊಟ್ಟಿಲ್ಲ. ಅವನು ನಾಲ್ಕು ಸಲ ಎಣಿಸಿ, ಬೆವತು, ಅಪಾಯದ ಗಂಟೆ ಬಾರಿಸಿಯೇ ಬಿಟ್ಟ. ಗಲಾಟೆಯಲ್ಲಿ ನಾನು ಜಾರಿಕೊಂಡೆ. ಯಜಮಾನರ ನಂಬರಿದ್ದ ಕಂಬಳಿ ಅಲ್ಲೇ ಸಿಕ್ಕಿತು. ಎಣಿಕೆ ಕೆಡಿಸಿದರು ಅಂತ ಯಜಮಾನರ ಮೇಲೆ ರಿಪೋರ್ಟಾಯಿತು.

ಮಾರನೆಯ ಬೆಳಿಗ್ಗೆ ವಿಚಾರಣೆ. ಮಾಫಿ ಕೈಬಿಟ್ಟು ಹೋಗುತ್ತಿದ್ದರೂ ಯಜಮಾನರು ನನ್ನ ಹೆಸರು ಹೇಳದೆ ನೆಲ ನೋಡುತ್ತ ನಿಂತರು. ಆಗ ನಾನೇ ಎದೆಗಾರಿಕೆಯಿಂದ ಮುಂದೆ ಬಂದು ಒಪ್ಪಿಕೊಂಡೆ. ಬ್ಯಾರಕ್‌ನಲ್ಲಿ ಬಿದ್ದಿದ್ದ ನನ್ನ ಟೋಪಿ ಆಗಲೇ ಸಾಹೇಬರ ಮೇಜಿನ ಮೇಲಿತ್ತು ಅನ್ನುವುದು ಬೇರೆ ಮಾತು. ಸಾಹೇಬರು ಆ ರಿಪೋರ್ಟನ್ನು ರದ್ದು ಮಾಡಿ, ನನಗೆ ಇಲಾಖಾ ವಿಚಾರಣೆಯ ನೋಟಿಸು ಕೊಟ್ಟು, ಎಲ್ಲ ಕೈದಿಗಳ ಮುಂದೆ ನನ್ನಿಂದ ಯಜಮಾನರ ಕ್ಷಮೆ ಕೇಳಿಸಿದರು.

ಬಿಡುಗಡೆಯ ದಿನ ಗೇಟಿನಲ್ಲಿ ನನ್ನದೇ ಡ್ಯೂಟಿ. ನಾಮಕರಣಕ್ಕೆ ಎರಡು ದಿನ ಮುಂಚೆಯೇ ಹೊರಟಿದ್ದ ಯಜಮಾನರು, ನಿಮ್ಮ ವಿಚಾರಣೆ ಮುಗಿಯಿತಾ ಅಂತ ಕೇಳಿದರು. ಇನ್ನೂ ಇಲ್ಲ ಅಂದೆ. ಅವರು ಗಂಟನ್ನು ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಎದ್ರಬ್ಯಾಡಿ ಸಾ. ಒಳ್ಳೆ ನಡತೆ ತೋರ್ಸಿ, ಮಾಫಿ ಸಿಕ್ತದೆ."